ಶವಪೆಟ್ಟಿಗೆಗೆ ಗದ್ದ ಊರಿದ ನಾಯಿ

ಊರಿಂದ ಬಂದ ನೆಂಟರು ಲಂಡನ್ ಸುತ್ತಿ ಕಾಲು ಸೋತ ಮೇಲೆ, ಅವರನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಒಳಗೆ ಹೋಗಲು ಕಾಸು ಕೊಡಬೇಕಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸೀರ್ ಬರೆದ ನಾಯಿ.

'ದಿ ಓಲ್ಡ್ ಶೆಫರ್ಡ್ಸ್ ಚೀಫ್ ಮೋರ್ನರ್' (ಸತ್ತ ಮುದಿ ಕುರಿಗಾಹಿಗಾಗಿ ಎಲ್ಲರಿಗಿಂತ ಹೆಚ್ಚು ಮರುಗುವ ಜೀವ) 1837ರ ಚಿತ್ರ; ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೂ ಅದೇ ವರ್ಷ. ಬಡವನ ಮನೆ, ಮರದ ಶವಪೆಟ್ಟಿಗೆ, ಮೇಲೊಂದು ಕಂಬಳಿ. ಕುರಿಗಾಹಿಯ ನಾಯಿ ಎದೆಯನ್ನು ಪೆಟ್ಟಿಗೆಗೆ ಒತ್ತಿ, ಗದ್ದವನ್ನು ಅದರ ಮೇಲೆ ಊರಿದೆ. ಪಂಜ ಎಳೆದ ಎಳೆತಕ್ಕೆ ಕಂಬಳಿ ಜಾರಿದೆ. ಮುಚ್ಚಿಟ್ಟ ಬೈಬಲ್ ಮೇಲೆ ಕನ್ನಡಕ, ನೆಲದಲ್ಲಿ ಕೋಲು. ಮನುಷ್ಯರು ಒಬ್ಬರೂ ಇಲ್ಲ. ವಿಮರ್ಶಕ ರಸ್ಕಿನ್ ಇದನ್ನು ಬಾಯ್ತುಂಬ ಹೊಗಳಿದ್ದ.

ನನಗೆ ಮಾತ್ರ ಒಂದು ತಕರಾರು. ಆ ಪೆಟ್ಟಿಗೆ, ಕನ್ನಡಕಗಳನ್ನು ಅಂಗೈಯಿಂದ ಮರೆಮಾಡಿ ನೋಡಿ. ಉಳಿಯುವುದು ಸೋಫಾಗೆ ಗದ್ದ ಇಟ್ಟು ಊಟಕ್ಕೆ ಕಾಯುವ ಪಕ್ಕದ ಮನೆಯ ನಾಯಿ! ನಾಯಿಯ ಮೈಕಟ್ಟಿನಲ್ಲಿ ಲ್ಯಾಂಡ್‌ಸೀರ್ ಎಳ್ಳಷ್ಟೂ ತಪ್ಪಿಲ್ಲ, ಆದರೆ ನಮ್ಮ ಕಣ್ಣಲ್ಲಿ ನೀರು ತರಿಸುವ ಕೆಲಸವನ್ನೆಲ್ಲ ಸುತ್ತಲಿನ ಸಾಮಾನಿಗೆ ವಹಿಸಿಬಿಟ್ಟಿದ್ದಾನೆ. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲೇ 'ಕಾಳಿ' ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿದ್ದರಲ್ಲ, ಅದು ಹಂದಿಯ ಜೊತೆ ಕಾದಾಡಿ ಸತ್ತದ್ದಕ್ಕೆ. ಇಲ್ಲಿನ ನಾಯಿ ಸುಮ್ಮನೆ ದುಃಖಪಟ್ಟೇ ಗೋಡೆ ಏರಿತು.

ಸಾಮಾನಿನ ಹಂಗಿಲ್ಲದ ನಾಯಿಗಳು ಬೇಕೆಂದರೆ ಡಾರ್ವಿನ್ 1872ರಲ್ಲಿ ಮನುಷ್ಯ, ಪ್ರಾಣಿಗಳ ಭಾವಗಳ ಬಗ್ಗೆ ಬರೆದ ಪುಸ್ತಕ ತೆರೆಯಬೇಕು. ಚಿತ್ರಕಾರ ಬ್ರಿಟನ್ ರಿವಿಯೇರ್ ಅದಕ್ಕೆ ಬರೆದುಕೊಟ್ಟ ಒಂದು ನಾಯಿ ಜಗಳಕ್ಕೆ ಹೊರಟಿದೆ: ಸೆಟೆದ ಕಾಲು, ನಿಗುರಿದ ಬಾಲ, ಎದ್ದುನಿಂತ ಬೆನ್ನಿನ ಕೂದಲು, ಮುಂದಕ್ಕೆ ಚಾಚಿದ ಕಿವಿ. ಇನ್ನೊಂದು ಒಡೆಯನನ್ನು ಕಂಡು ಮೈ ತಗ್ಗಿಸಿ, ಬಳುಕಿ, ಕಿವಿ ಹಿಂದಕ್ಕೆ ಒರಗಿಸಿದೆ. ಸಂಜೆ ಪಾರ್ಕಿಗೆ ಹೋದರೆ ಎರಡೂ ಸಿಗುತ್ತವೆ. ಆದರೆ ಇದೇ ರಿವಿಯೇರ್ 1877ರಲ್ಲಿ ಬರೆದ 'ಸಿಂಪಥಿ'ಯಲ್ಲಿ, ಮೆಟ್ಟಿಲ ಮೇಲೆ ಮುಖ ಸಪ್ಪೆ ಮಾಡಿ ಕೂತ ಹುಡುಗಿಯ ಭುಜಕ್ಕೆ ನಾಯಿ ತಲೆ ಆನಿಸಿದೆ. ಜನ ಮರುಳಾದದ್ದು ಅದಕ್ಕೇ!

ಟ್ರಫಾಲ್ಗರ್ ಚೌಕದ ಕಂಚಿನ ಸಿಂಹಗಳೂ ಲ್ಯಾಂಡ್‌ಸೀರನವೇ, 1867ರವು. ಮುಂದಿನ ಪಂಜಗಳನ್ನು ನೋಡಿ, ಅವು ನಾಯಿಯವು ಎಂದು ಇಲ್ಲಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ.