ಕೊನೆಯ ಹಾಡಿನ ಕರಕರ: ಮೂರು ವಾರದ ಮೇಲೆ ಸಿಕ್ಕಿತು ಕಳ್ಳ

ಸರಿಹೋಯ್ತು! ನಿನ್ನೆ ರಾತ್ರಿ ಹನ್ನೊಂದೂವರೆಗೆ ಕ್ವೀನ್ ರಾಕ್ ಬ್ಯಾಂಡಿನ 'ಗ್ರೇಟೆಸ್ಟ್ ಹಿಟ್ಸ್' ಗ್ರಾಮಫೋನ್ ತಟ್ಟೆಯ ಎರಡನೇ ಬದಿ ನನ್ನ ರೆಕಾರ್ಡ್ ಪ್ಲೇಯರ್‌ನಲ್ಲಿ ಕೊನೆಯವರೆಗೂ ಸ್ವಚ್ಛವಾಗಿ ಓಡಿತು. ಆ ಬದಿಯ ಕೊನೆಯ ಹಾಡಿನಲ್ಲಿ ದನಿ ಹರಿಯುತ್ತಿತ್ತು; ಮೂರು ವಾರ ನನ್ನ ನಿದ್ದೆ ತಿಂದ ಸಮಸ್ಯೆ ಇದು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತಟ್ಟೆ ತೊಳೆದದ್ದು, ಸೂಜಿಯ ತೂಕ ಹೊಂದಿಸಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ತಟ್ಟೆ 1981ರಲ್ಲಿ ಇಂಗ್ಲೆಂಡ್‌ನಲ್ಲಿ ಅಚ್ಚಾದದ್ದು, ಇಎಂಐ ಕಂಪನಿಯದು. ಲಂಡನ್‌ನಲ್ಲಿರುವ ನಮ್ಮ ಭಾವ ಮಗುವಿನ ಹಾಗೆ ಎದೆಗವಚಿಕೊಂಡು ವಿಮಾನದಲ್ಲಿ ತಂದುಕೊಟ್ಟರು. ಕಾರ್ಟ್ರಿಡ್ಜ್ (ಸೂಜಿ ಹಿಡಿದು ದನಿ ಎತ್ತುವ ಪುಟ್ಟ ಡಬ್ಬಿ) ಆಡಿಯೊ-ಟೆಕ್ನಿಕಾ ವಿಎಂ95ಇ, ಸೂಜಿ ತಟ್ಟೆಯ ಮೇಲೆ ಒತ್ತುವ ತೂಕ 2 ಗ್ರಾಂ.

ಮೊದಲ ಬದಿ ಶುರುವಾಗುವುದೇ 'ಬೊಹೀಮಿಯನ್ ರಾಪ್ಸೊಡಿ'ಯಿಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು. ಎರಡನೇ ಬದಿಯೂ ಮುಕ್ಕಾಲು ಭಾಗ ಚೆನ್ನಾಗಿಯೇ ಹೋಗುತ್ತಿತ್ತು. ಕೊನೆಯಲ್ಲಿ 'ವಿ ಆರ್ ದಿ ಚಾಂಪಿಯನ್ಸ್' ಬರುತ್ತದಲ್ಲ, ಅದರ ಕೋರಸ್ ಎತ್ತಿದ ತಕ್ಷಣ ಗಾಯಕ ಫ್ರೆಡ್ಡಿಯ ದನಿ ಹರಿದ ಬಟ್ಟೆ. 'ಸ' ಬಂದ ಕಡೆಯೆಲ್ಲ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ.

ಈ ತಟ್ಟೆಯ ಕಷ್ಟ ನೋಡಿ. ಒಂದೇ ಎಲ್‌ಪಿಯಲ್ಲಿ 17 ಹಾಡು, ಬದಿಗೆ ಸುಮಾರು 29 ನಿಮಿಷ. ಅಷ್ಟನ್ನು ತುಂಬಬೇಕು ಅಂದರೆ ಗ್ರೂವ್ (ಸೂಜಿ ಓಡುವ ಗೀರು) ತಟ್ಟೆಯ ನಡುವಿನ ಲೇಬಲ್ ಹತ್ತಿರದವರೆಗೂ ಹೋಗಲೇಬೇಕು. ತಟ್ಟೆಯ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಓಡುತ್ತದೆ. ಒಳಗೆ ಬಂದಾಗ ಬರೀ 21. ಅದೇ ದನಿ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಮುದುರಿಕೊಂಡು ಕೂತಿರುತ್ತದೆ. ಅಂಥ ಜಾಗಕ್ಕೆ 'ವಿ ವಿಲ್ ರಾಕ್ ಯೂ', ಅದರ ಬೆನ್ನಿಗೇ 'ಚಾಂಪಿಯನ್ಸ್'!

ಈಗಲ್ಸ್ ಬ್ಯಾಂಡಿನ 1976ರ ಹಿಟ್ಸ್ ಎಲ್‌ಪಿ ತೆಗೆದುನೋಡಿ. ಅದರಲ್ಲಿ 10 ಹಾಡು ಮಾತ್ರ. ಒಂದು ಬದಿಯ ಕೊನೆಗೆ 'ಡೆಸ್ಪರಾಡೊ', ಇನ್ನೊಂದರ ಕೊನೆಗೆ 'ಬೆಸ್ಟ್ ಆಫ್ ಮೈ ಲವ್'. ಎರಡೂ ಮೆತ್ತನೆಯ ಹಾಡು. ಇಕ್ಕಟ್ಟಿನ ಜಾಗದಲ್ಲಿ ಯಾರೂ ಕೂಗಾಡುವುದಿಲ್ಲ. ನನ್ನ ಮೆಷಿನ್‌ನಲ್ಲಿ ಅದು ಯಾವತ್ತೂ ತೊಂದರೆ ಕೊಟ್ಟಿಲ್ಲ. ಅದಕ್ಕೇ ನನ್ನ ಸೆಟಪ್ ಸರಿಯಾಗಿದೆ ಅಂತ ಇಷ್ಟು ದಿನ ನಂಬಿಕೊಂಡಿದ್ದೆ.

ಮೊದಲು ತಟ್ಟೆಯೇ ಸವೆದಿದೆ ಅಂದುಕೊಂಡೆ. ಗೆಳೆಯನ ಮನೆಗೆ ಒಯ್ದೆ. ಅವನ ಹತ್ತಿರವೂ ಅದೇ ಕಾರ್ಟ್ರಿಡ್ಜ್, ಅದೇ ಸೂಜಿ. ಅಲ್ಲಿ 'ಚಾಂಪಿಯನ್ಸ್' ಮುಕ್ಕಾಲುಪಾಲು ಸ್ವಚ್ಛ! ಅಂದರೆ ತಪ್ಪು ನಮ್ಮನೆಯಲ್ಲೇ ಇದೆ.

ಮತ್ತೆ ಅಲೈನ್‌ಮೆಂಟ್‌ಗೆ, ಅಂದರೆ ಸೂಜಿ ಗ್ರೂವ್‌ಗೆ ನೇರವಾಗಿ ಕೂರುವ ಹಾಗೆ ಕಾರ್ಟ್ರಿಡ್ಜ್ ಹೊಂದಿಸಲು ಕೂತೆ. ಆನ್‌ಲೈನ್‌ನಲ್ಲಿ ಕೊಂಡ ಕನ್ನಡಿ ಪ್ರೊಟ್ರ್ಯಾಕ್ಟರ್ (ಸೂಜಿಯ ಕೋನ ನೋಡುವ ನಕ್ಷೆ) ಇತ್ತು, ಬೇರ್ವಾಲ್ಡ್ ಅನ್ನುವ ಲೆಕ್ಕದ್ದು; ಅದರ ಎರಡು ಚುಕ್ಕೆಯಲ್ಲಿ ಕೋನ ಪಕ್ಕಾ ಕೂರಬೇಕು. ನಾಲ್ಕು ಸಲ ಕೂರಿಸಿದೆ. ನಾಲ್ಕು ಸಲವೂ ಎರಡೂ ಚುಕ್ಕೆಯಲ್ಲಿ ಗೆರೆಗೆ ಗೆರೆ ಕೂತಿತು. ನಾಲ್ಕು ಸಲವೂ ಅದೇ ಸಾಸಿವೆ.

ಐದನೇ ಸಲ ಸುಮ್ನೆ ವರ್ನಿಯರ್ ಅಳತೆಗೋಲು ಕೈಗೆತ್ತಿಕೊಂಡೆ. ಸ್ಪಿಂಡಲ್ (ತಟ್ಟೆಯ ನಡುವಿನ ತೂತಿಗೆ ಸಿಗುವ ಕಡ್ಡಿ) ಅಂಚಿನಿಂದ ಒಳಗಿನ ಚುಕ್ಕೆಗೆ ಅಳೆದು, ಸ್ಪಿಂಡಲ್‌ನ ಅರ್ಧ ದಪ್ಪ 3.6 ಮಿಲಿಮೀಟರ್ ಸೇರಿಸಿದೆ. 66 ಬರಬೇಕು. ಬಂದದ್ದು 67.9! ಹೊರಗಿನ ಚುಕ್ಕೆ 120.9 ಇರಬೇಕಾದಲ್ಲಿ 124.4. ಇಡೀ ನಕ್ಷೆಯನ್ನೇ ಪುಣ್ಯಾತ್ಮರು ಶೇಕಡಾ 3ರಷ್ಟು ದೊಡ್ಡದಾಗಿ ಪ್ರಿಂಟ್ ಮಾಡಿದ್ದಾರೆ. ಅಳತೆಗೋಲೇ ಸುಳ್ಳು ಹೇಳಿದರೆ ಅಳೆಯುವವನು ಏನು ಮಾಡಬೇಕು? ಮಾರಿದವರಿಗೆ ಫೋಟೊ ಸಮೇತ ಬರೆದೆ. 'ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸಾರ್' ಅಂತ ಉತ್ತರ ಬಂತು. ಬೇರೆ ಯಾರೂ ಅಳೆದಿಲ್ಲ, ಅಷ್ಟೇ.

ಹೊಸದನ್ನು ನಾನೇ ಮಾಡಿಕೊಂಡೆ. ಈ ಸಲ ಸ್ಟೀವನ್‌ಸನ್ ಅನ್ನುವ ಇನ್ನೊಂದು ಲೆಕ್ಕ: ಚುಕ್ಕೆಗಳು 60.3 ಮತ್ತು 117.4 ಮಿಲಿಮೀಟರ್‌ಗೆ. ಸೂಜಿಯ ಕೋನ ತಟ್ಟೆಯ ಕಟ್ಟಕಡೆಯ ಗ್ರೂವ್‌ನಲ್ಲೇ ಪಕ್ಕಾ ಆಗುತ್ತದೆ. ನಡುವಿನ ಹಾಡುಗಳಲ್ಲಿ ತಪ್ಪು ಒಂಚೂರು ಜಾಸ್ತಿ, ನಿಜ. ಆದರೆ ಇಂಥ ತುಂಬಿದ ತಟ್ಟೆಗೆ ಇದೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರಿಂಟ್ ಜೊತೆಗೇ 100 ಮಿಲಿಮೀಟರ್ ಗೆರೆಯೊಂದನ್ನು ಹಾಕಿ, ಅದನ್ನು ಮೊದಲು ಅಳೆದು, ಆಮೇಲೆ ರಟ್ಟಿಗೆ ಅಂಟಿಸಿದೆ. ಕಾರ್ಟ್ರಿಡ್ಜ್ ಮುಖಕ್ಕೆ 0.5 ಮಿಲಿಮೀಟರ್ ಪೆನ್ಸಿಲ್ ಕಡ್ಡಿ ಅಡ್ಡಲಾಗಿ ಅಂಟಿಸಿದರೆ ಓರೆ ಇದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ. ಮಾಡಿ ನೋಡಿ.

ಹಾಕಿದೆ. ಎಡ ಸ್ಪೀಕರ್ ಸ್ವಚ್ಛ. ಬಲದಲ್ಲಿ ಮಾತ್ರ ಇನ್ನೂ ಸಣ್ಣ ಕರಕರ. ಒಂದೇ ಕಡೆ ಉಳಿಯಿತು ಅಂದಾಗ ನನಗೆ ಖುಷಿಯೇ ಆಯಿತು, ಯಾಕೆಂದರೆ ಅದು ಸುಳಿವು. ಕಾರ್ಟ್ರಿಡ್ಜ್ ಹಿಡಿದ ಆರ್ಮ್ ತಟ್ಟೆಯ ನಡುವಿನ ಕಡೆಗೆ ಎಳೆಯುವಾಗ ಸೂಜಿ ಗ್ರೂವ್‌ನ ಒಳಗೋಡೆಗೆ ಒರಗುತ್ತದೆ, ಅದು ಎಡ ಚಾನೆಲ್. ಹೊರಗೋಡೆಯ ಹಿಡಿತ ತಪ್ಪುತ್ತದೆ, ಅದು ಬಲ. ಆ ಎಳೆತಕ್ಕೆ ಎದುರಾಗಿ ಆರ್ಮನ್ನು ಹೊರಕ್ಕೆ ಎಳೆಯುವ ಆ್ಯಂಟಿ-ಸ್ಕೇಟ್ 1.5ರಲ್ಲಿತ್ತು. 2ಕ್ಕೆ ತಿರುಗಿಸಿದೆ. ಮತ್ತೆ ಕೋರಸ್. ಅಬ್ಬಾ, ಆ ದನಿ! ಹಿಂದಿನ ಹಿನ್ನೆಲೆ ದನಿಗಳು ಒಂದೊಂದೂ ಬಿಡಿಬಿಡಿಯಾಗಿ ನಿಂತವು. ಮೈ ಜುಂ ಅಂತು.

2016ರಲ್ಲಿ ಇದೇ ಸಂಗ್ರಹ ಎರಡು ಎಲ್‌ಪಿಯಾಗಿ ಬಂದಿದೆ, ಅದನ್ನೇ ಕೊಳ್ಳಬಾರದಿತ್ತಾ ಅಂತ ಗೆಳೆಯ ಕೇಳಿದ. ಜಾಗ ಜಾಸ್ತಿ, ದನಿ ನಿರಾಳ, ಒಪ್ಪುತ್ತೇನೆ. ಆದರೆ 29 ನಿಮಿಷ ಏಳದೆ ಕೂತು ಕೇಳುವ ಸುಖ ಅದರಲ್ಲಿಲ್ಲ.

ಮುಂದಿನದು ಬೀಟಲ್ಸ್‌ನ 1973ರ ನೀಲಿ ಸಂಗ್ರಹ. ಅದರ ಎರಡನೇ ಬದಿಯೂ 26 ನಿಮಿಷ ದಾಟುತ್ತದೆ. 'ಹೇ ಜೂಡ್' ಆದಮೇಲೆ ಕೊನೆಗೆ 'ರೆವಲ್ಯೂಷನ್'. ಆ ಹಾಡಿನ ಗಿಟಾರನ್ನು ಬೇಕಂತಲೇ ಹರಿದ ದನಿಯಲ್ಲಿ ರೆಕಾರ್ಡ್ ಮಾಡಿದ್ದಾರೆ! ಅವರು ಹರಿದದ್ದು ಎಷ್ಟು, ನನ್ನ ಸೂಜಿ ಹರಿದದ್ದು ಎಷ್ಟು ಅಂತ ಬೇರೆ ಮಾಡುವುದು ಹೇಗೆ? ಗಿಟಾರ್ ಬಿಟ್ಟು ಗಾಯಕ ಲೆನನ್ ದನಿಯಲ್ಲಿ 'ಸ' ಹುಡುಕಿಕೊಂಡು ಹೋಗಬೇಕು ಅಂತ ಸದ್ಯದ ಯೋಚನೆ. ತಟ್ಟೆಗೆ ಭಾವನಿಗೆ ಆಗಲೇ ಹೇಳಿಟ್ಟಿದ್ದೇನೆ.