ನಡುವಿನ ಬಟನ್

ಶನಿವಾರದಿಂದ ಮಾವನ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಆ ನಡುವಿನದು ಹೆದರಿದವರಿಗೆ ಕಣಮ್ಮ."

ತೀರ್ಥಹಳ್ಳಿಯಿಂದ ಲಂಡನ್ನಿಗೆ ಬಂದು ಮೂರು ವಾರ ಮನೆಯೊಳಗೇ ಕೂತು ಮಾವನಿಗೆ ಬೇಜಾರಾಗಿತ್ತು. ವಿಮಾನ ಮ್ಯೂಸಿಯಂಗೆ ಕರೆದುಕೊಂಡು ಹೋದೆವು. ಅಲ್ಲೊಬ್ಬ ಅಜ್ಜ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ, ಪೈಲಟ್ ಹಿಡಿದು ಓಡಿಸುವ ಹಿಡಿಕೆ ತೋರಿಸುತ್ತಿದ್ದ. ಬಳೆಯ ಹಾಗೆ ದುಂಡಗಿದೆ. ಹೆಬ್ಬೆರಳಿಗೆ ಸಿಗುವಂತೆ ಒಂದು ಬಟನ್. ಅದರ ಒಂದು ತುದಿ ಒತ್ತಿದರೆ ನಾಲ್ಕು ಮಷಿನ್ ಗನ್, ಇನ್ನೊಂದು ತುದಿಗೆ ಎರಡು ಕ್ಯಾನನ್, ನಡುವೆ ಒತ್ತಿದರೆ ಎಲ್ಲವೂ.

ಮಾವ ನಕ್ಕರು. "ನಮ್ಮ ಜೋಡು ನಳಿಗೆ ಕೋವಿಯೇ ಅಲ್ವಾ! ಒಂದರಲ್ಲಿ ಚರೆ, ಒಂದರಲ್ಲಿ ಗುಂಡು."

ಹೌದಲ್ಲ ಅನಿಸಿತು. ಮಷಿನ್ ಗನ್ನಿಗೆ ತಲಾ 350 ಗುಂಡು, ರೈಫಲ್ಲಿನವೇ, ಸಣ್ಣವು. 20 ಮಿ.ಮೀ. ಕ್ಯಾನನ್ನಿನದು ತಾಗಿದಲ್ಲೇ ಸಿಡಿಯುತ್ತದೆ, ಆದರೆ ಮೊದಮೊದಲು ತಲಾ 60 ಮಾತ್ರ. ನಿಮಿಷಕ್ಕೆ ಸುಮಾರು 600ರಂತೆ ಆರೇ ಸೆಕೆಂಡಿಗೆ ಖಾಲಿ! 1940ರಲ್ಲಿ ಬರೀ ಕ್ಯಾನನ್ ಇದ್ದ ವಿಮಾನ ಕೊಟ್ಟಾಗ ಅವು ಜಾಮ್ ಆಗಿ ಆಗಿ, ಬ್ರಿಟಿಷ್ ವಾಯುಪಡೆಯ 19ನೇ ಸ್ಕ್ವಾಡ್ರನ್‌ನವರು ಹಳೇ ಎಂಟು ಮಷಿನ್ ಗನ್ನಿನದನ್ನೇ ವಾಪಸ್ ಕೇಳಿದ್ದರು. ಒಂದು ರೆಕ್ಕೆಯ ಕ್ಯಾನನ್ ನಿಂತುಹೋದರೆ ಇನ್ನೊಂದರ ಒದೆತಕ್ಕೆ ವಿಮಾನದ ಮೂತಿಯೇ ಪಕ್ಕಕ್ಕೆ ತಿರುಗುತ್ತಿತ್ತಂತೆ. ಮಾವನಿಗೆ ಇದು ಬಹಳ ಹಿಡಿಸಿತು.

ನಡುವಿನದು ಯಾಕೆ? ಶತ್ರು ಗುರಿಗೆ ಸಿಗುವುದೇ ಒಂದೆರಡು ಸೆಕೆಂಡ್, ಆಗ ಇದ್ದದ್ದೆಲ್ಲ ಹಾರಿಸಬೇಕಲ್ಲ ಅಂದ ಅಜ್ಜ. ಮಾವ ಒಪ್ಪಲಿಲ್ಲ. ಒಮ್ಮೆ ರಾತ್ರಿ ಗದ್ದೆಗೆ ಹಂದಿ ನುಗ್ಗಿತ್ತು. ಹೆದರಿಸಿ ಓಡಿಸೋಣ ಅಂತ ಹೋದವರಿಗೆ ಅದು ಎದುರೇ ಬಂತು. ಎರಡೂ ನಳಿಗೆ ಒಟ್ಟಿಗೆ ಹಾರಿಸಿಬಿಟ್ಟರು. ಹಂದಿಗೆ ಏನೂ ಆಗಲಿಲ್ಲ. ಅತ್ತೆ ವಾರಗಟ್ಟಲೆ ಭುಜಕ್ಕೆ ಎಣ್ಣೆ ತಿಕ್ಕಿದರು. "ಆ ನಡುವಿನದು ಹೆದರಿದವರಿಗೆ ಕಣಮ್ಮ."

ನನ್ನ ಗಂಡ ಆಗ ಕಾಫಿ ಕ್ಯೂನಲ್ಲಿದ್ದ. ಅಪ್ಪನ ಕತೆ ಕೇಳುವ ತಾಳ್ಮೆ ಅವನಿಗೆ ಯಾವತ್ತೂ ಇಲ್ಲ.

ಅಜ್ಜ "ಏನಂತೆ?" ಅಂದ. ಹಂದಿಯ ಕತೆ ಹೇಳಿದೆ, ಕೊನೆಯ ಮಾತು ಹೇಳಲಿಲ್ಲ. ಆ ಬಟನ್ ಮೇಲೆ ಬೆರಳಿಟ್ಟವರಲ್ಲಿ ಎಷ್ಟೋ ಜನ ಇಪ್ಪತ್ತು ದಾಟಿದ್ದಷ್ಟೇ. ಅವರನ್ನು ಹೆದರಿದವರು ಅನ್ನಲು ನಾನ್ಯಾರು?

ಆದರೆ ಮಾವ ಹೇಳಿದ್ದು ನನಗೇ ಅನಿಸಿತು. ಗುರುವಾರ ಆಫೀಸಿನಲ್ಲಿ ಒಂದು ಸಣ್ಣ ತಪ್ಪಿಗೆ ಬಾಸ್ ಬೈದಾಗ, ಎರಡು ವರ್ಷದ ಹಳೇ ಸಿಟ್ಟನ್ನೆಲ್ಲ ಒಂದೇ ಮೇಲ್‌ಗೆ ತುಂಬಿ, ಹನ್ನೊಂದು ಜನಕ್ಕೆ ಕಳಿಸಿದ್ದೆ. ಕೋಪ ಅಂದುಕೊಂಡಿದ್ದೆ.

ವಾಪಸ್ ರೈಲಿನಲ್ಲಿ ಮಾವ ಕೊಡೆಯ ಹಿಡಿ ಹಿಡಿದು ಹೆಬ್ಬೆರಳು ಒತ್ತಿ ಒತ್ತಿ ನೋಡುತ್ತಿದ್ದರು. "ಆರೇ ಸೆಕೆಂಡಾ?" ಅಂದರು, ಮತ್ತೊಮ್ಮೆ.