ಸಿ ಡ್ರೈವ್‌ನ ಜಾಗ ನುಂಗುವ ಕಾಣದ ಫೈಲ್‌ಗಳು

ಸಿ ಡ್ರೈವ್ ತುಂಬಿ ಅದರ ಪಟ್ಟಿ ಕೆಂಪಗಾದ ತಕ್ಷಣ ಎಲ್ಲರೂ ಕೈ ಹಾಕುವುದು ಫೋಟೋಗಳಿಗೆ. ಪಾಪ, ಅವು ಏನು ಮಾಡಿದವು? ವಿಂಡೋಸ್‌ನಲ್ಲಿ ಕಾಣುವ ಫೋಲ್ಡರ್‌ಗಳನ್ನೆಲ್ಲ ಆಯ್ದು ಸೈಜ್ ನೋಡಿ, ಡ್ರೈವ್ ತೋರಿಸುವ ಲೆಕ್ಕಕ್ಕೆ ಸಾಮಾನ್ಯವಾಗಿ ತಾಳೆಯೇ ಆಗುವುದಿಲ್ಲ.

ಕಾರಣ, ವಿಂಡೋಸ್ ಬಚ್ಚಿಡುವ ಫೈಲ್‌ಗಳು. ಇವುಗಳಲ್ಲಿ ದೊಡ್ಡ ಕುಳ ಹೈಬರ್‌ಫಿಲ್ ಅನ್ನುವ ಫೈಲು. ಹೈಬರ್ನೇಟ್ ಮಾಡಿದಾಗ, ಅಂದರೆ ತೆರೆದ ಕೆಲಸ ಹಾಗೇ ಉಳಿಸಿಕೊಂಡು ಕಂಪ್ಯೂಟರ್ ಆಫ್ ಆಗುವಾಗ, ರ‍್ಯಾಮ್‌ನಲ್ಲಿ ಇರುವುದನ್ನು ಡಿಸ್ಕಿಗೆ ಬರೆದಿಡಲು ವಿಂಡೋಸ್ ಇದನ್ನು ಮೊದಲೇ ಕಾದಿರಿಸುತ್ತದೆ, ಸಾಮಾನ್ಯವಾಗಿ ರ‍್ಯಾಮ್‌ನ 40%, ಅಂದರೆ 16 ಜಿಬಿ ರ‍್ಯಾಮ್ ಇದ್ದರೆ ನೀವು ಹೈಬರ್ನೇಟ್ ಬಟನ್ ಮುಟ್ಟದೇ ಇದ್ದರೂ 6 ಜಿಬಿ ಚಿಲ್ಲರೆ ಸುಮ್ನೆ ಹೋಯಿತು. ಬೇಡವಾದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಪವರ್‌ಸಿಎಫ್‌ಜಿ ಕಮಾಂಡಿನಿಂದ ಹೈಬರ್ನೇಟ್ ಆಫ್ ಮಾಡಿ, ಫೈಲು ತಾನಾಗಿಯೇ ಅಳಿಯುತ್ತದೆ. ಜೊತೆಗೆ ಕಂಪ್ಯೂಟರನ್ನು ಬೇಗ ಆನ್ ಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದವರಿಗೆ ಅದು ಅಷ್ಟೇನೂ ಗೊತ್ತಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪೇಜ್‌ಫೈಲ್ ಅಂತ ಇನ್ನೊಂದಿದೆ. ಅದರ ತಂಟೆಗೆ ಹೋಗಬೇಡಿ, ರ‍್ಯಾಮ್ ಸಾಲದಾದಾಗ ಅದೇ ಆಸರೆ.

ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೇ ವಿಂಡೋಸ್ ಪೂರ್ತಿ ವಿಂಡೋಸ್.ಓಲ್ಡ್ ಫೋಲ್ಡರಿನಲ್ಲಿ ಕೂತಿರುತ್ತದೆ. ಸಾಮಾನ್ಯವಾಗಿ 10 ದಿನದ ನಂತರ ತಾನೇ ಹೋಗುತ್ತದೆ, ಅಲ್ಲಿವರೆಗೆ ಹಳೆಯದಕ್ಕೆ ವಾಪಸ್ ಹೋಗುವ ಸುಲಭದ ದಾರಿ ಅದು.

ಇನ್ನು ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಸೈಜ್ ನೋಡಿ ಗಾಬರಿ ಆಗುವವರು ಜಾಸ್ತಿ. ಅಲ್ಲಿನ ಎಷ್ಟೋ ಫೈಲ್‌ಗಳು ಹಾರ್ಡ್ ಲಿಂಕ್‌ಗಳು, ಅಂದರೆ ಒಂದೇ ಫೈಲಿಗೆ ಇರುವ ಇನ್ನೊಂದು ಹೆಸರು, ಹಾಗಾಗಿ ಒಂದೇ ಫೈಲು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಕೈಯಾರೆ ಅಳಿಸಿದರೆ ವಿಂಡೋಸೇ ಕೆಡಬಹುದು. ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ ಟೆಂಪರರಿ ಫೈಲ್ಸ್ ತೆರೆಯಿರಿ, ಹಳೇ ಅಪ್‌ಡೇಟ್ ಕಸವನ್ನು ಅದೇ ತೆಗೆಯುತ್ತದೆ. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ, ಟಿಕ್ ಹಾಕುವ ಮುಂಚೆ ಒಮ್ಮೆ ನೋಡಿ.